ಹದಿಹರೆಯದ ಗೆಳೆತನದ ಕಥೆಯನ್ನು ಕನ್ನಡ ವೆಬ್‌ಕಾಮಿಕ್ ಆಗಿಸುವುದು ಹೇಗೆ? ಮೊದಲ ಕಂತಿನವರೆಗಿನ ದಾರಿ

"ಬೆಂಗಳೂರಿನ ನಾಲ್ಕೈದು ಮಕ್ಕಳ ಕಥೆ ತಲೆಯಲ್ಲಿದೆ. ಒಬ್ಬೊಬ್ಬರದ್ದು ಒಂದೊಂದು ಮನೆಮಾತು, ಒಂದೊಂದು ಸಂಕಟ. ಚಿತ್ರವೂ ತಕ್ಕಮಟ್ಟಿಗೆ ಬರೆಯುತ್ತೇನೆ. ಎಲ್ಲಿಂದ ಆರಂಭಿಸಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಪಿಯುಸಿ ಓದುವವರಿದ್ದಾರೆ, ಶಾಲೆಯ ಮೇಷ್ಟರಿದ್ದಾರೆ, ಹಗಲೆಲ್ಲ ಕಚೇರಿಯಲ್ಲಿ ದುಡಿದು ರಾತ್ರಿ ಚಿತ್ರ ಬರೆಯುವವರಿದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದೆಡೆ ಕೂಡಿಸಿದ್ದೇನೆ.

ವೆಬ್‌ಕಾಮಿಕ್ ಎಂದರೆ ಅಂತರ್ಜಾಲದಲ್ಲಿ ಕಂತುಕಂತಾಗಿ ಬರುವ ಚಿತ್ರಕಥೆ. ಈಗ ಹೆಚ್ಚು ಓದಿಸಿಕೊಳ್ಳುತ್ತಿರುವುದು ಮೊಬೈಲಿನಲ್ಲಿ ಮೇಲಿನಿಂದ ಕೆಳಕ್ಕೆ ಬೆರಳಾಡಿಸುತ್ತ ಓದುವ ಬಗೆ. ದಕ್ಷಿಣ ಕೊರಿಯಾದಲ್ಲಿ ಬೆಳೆದ ಈ ಬಗೆಗೆ ವೆಬ್‌ಟೂನ್ ಎಂಬ ಹೆಸರೂ ಇದೆ. ಪುಟ ತಿರುಗಿಸುವ ಮಾತಿಲ್ಲ. ಒಂದು ಚೌಕಟ್ಟಿನ ಕೆಳಗೆ ಇನ್ನೊಂದು ಇಳಿಯುತ್ತ ಹೋಗುತ್ತದೆ. ನಾನು ಮುಂದೆ ಹೇಳುವುದೆಲ್ಲ ಈ ಉದ್ದನೆಯ ಬಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಬೇಕಾಗುವ ಸಾಮಗ್ರಿ ಕಡಿಮೆ. ಗೆರೆಯಿಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್, ಚಿತ್ರ ಬರೆಯಬಲ್ಲ ಒಂದು ಕಂಪ್ಯೂಟರ್ ಅಥವಾ ಟ್ಯಾಬ್. ಕೃತಾ ಎಂಬ ಚಿತ್ರ ತಂತ್ರಾಂಶವೂ ಇಂಕ್‌ಸ್ಕೇಪ್ ಎಂಬ ಗೆರೆ ಮತ್ತು ಅಕ್ಷರಗಳ ತಂತ್ರಾಂಶವೂ ಪೂರ್ತಿ ಉಚಿತ, ಎರಡೂ ಮುಕ್ತ ತಂತ್ರಾಂಶಗಳು. ದುಬಾರಿ ಉಪಕರಣ ಕೊಳ್ಳುವವರೆಗೆ ಕಾಯುತ್ತೇನೆ ಎನ್ನಬೇಡಿ. ಕಾಗದದ ಮೇಲೆ ಬರೆದು ಮೊಬೈಲಿನಲ್ಲಿ ಫೋಟೊ ತೆಗೆದು, ಅಕ್ಷರವನ್ನಷ್ಟೇ ಕಂಪ್ಯೂಟರಿನಲ್ಲಿ ಜೋಡಿಸಿದರೂ ಕಂತು ಸಿದ್ಧವಾಗುತ್ತದೆ.

1. ಮೊದಲು ವರ್ಷ ಮತ್ತು ಬಡಾವಣೆಯನ್ನು ಗೊತ್ತುಮಾಡಿ

ಹೆಚ್ಚಿನವರು ಪಾತ್ರಗಳ ಮುಖ ಬರೆಯುವುದರಿಂದ ಆರಂಭಿಸುತ್ತಾರೆ. ನಾನು ಕ್ಯಾಲೆಂಡರಿನಿಂದ ಆರಂಭಿಸಿ ಎನ್ನುತ್ತೇನೆ. ಹದಿನಾರರ ಹುಡುಗ ಹುಡುಗಿಯರ ಬದುಕನ್ನು ಪರೀಕ್ಷೆ, ಬಸ್ಸು, ಮನೆಯ ಬಾಡಿಗೆ ಇವು ಆಳುತ್ತವೆ. ಬೆಂಗಳೂರಿನಲ್ಲಿ ಇವು ವರ್ಷದಿಂದ ವರ್ಷಕ್ಕೆ ಬದಲಾಗಿವೆ. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಗಿತ್ತು. 2022ರ ಆರಂಭದಲ್ಲಿ ಕಥೆ ನಡೆದರೆ ಕಾಲೇಜಿನ ಬಾಗಿಲಲ್ಲಿ ಹಿಜಾಬಿನ ಪ್ರಶ್ನೆ ನಿಂತಿರುತ್ತದೆ; ಅದನ್ನು ಕಾಣದಂತೆ ದಾಟಿ ಹೋದರೆ ಓದುಗರಿಗೆ ತಿಳಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹುಡುಗಿಯರ ಬಸ್ ಪ್ರಯಾಣ ಉಚಿತವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವೆ ಮೆಟ್ರೊ ಕೂಡಿಕೊಂಡಿತು. 2024ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ಒಂದು ಸಲ ಅನುತ್ತೀರ್ಣನಾದ ಹುಡುಗನ ಭಯದ ಸ್ವರೂಪವೇ ಬೇರೆಯಾಯಿತು.

ಆಮೇಲೆ ಬಡಾವಣೆ. "ಬೆಂಗಳೂರು" ಎಂದರೆ ಏನೂ ಹೇಳಿದಂತಾಗುವುದಿಲ್ಲ. ಶಿವಾಜಿನಗರದ ಗುಜರಿ ಅಂಗಡಿಗಳ ಓಣಿಯ ಮನೆ, ಥಣಿಸಂದ್ರದ ಕಟ್ಟಡ ಕಾಮಗಾರಿಯ ತಗಡಿನ ಶೆಡ್, ಹಲಸೂರಿನ ಎರಡು ಕೋಣೆಯ ಬಾಡಿಗೆ ಮನೆ, ಬಸವನಗುಡಿಯ ಅಜ್ಜನ ಕಾಲದ ಮನೆ ಇವುಗಳ ಕಿಟಕಿಯಿಂದ ಕಾಣುವುದು ಬೇರೆ, ಬೆಳಗ್ಗೆ ಕೇಳುವ ಸದ್ದು ಬೇರೆ. ಪ್ರತಿ ಪಾತ್ರದ ಮನೆಯಿಂದ ಕಾಲೇಜಿನವರೆಗಿನ ದಾರಿಯನ್ನು ನೀವೇ ಒಮ್ಮೆ ನಡೆದು, ಬಸ್ ಹತ್ತಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಗೂಗಲ್ ನಕ್ಷೆ ನೋಡಿ ಬರೆದ ಬೀದಿಯಲ್ಲಿ ಜನರು ಇರುವುದಿಲ್ಲ.

2. ನಾಲ್ಕು ಪಾತ್ರ ಸಾಕು. ಪ್ರತಿಯೊಂದಕ್ಕೂ ಒಂದು ಆಸೆ ಬೇಕು

ಇಲ್ಲಿಯೇ ಹೆಚ್ಚಿನ ಹೊಸಬರು ಎಡವುತ್ತಾರೆ. ವೈವಿಧ್ಯವೆಂದರೆ ಪಟ್ಟಿ ಎಂದುಕೊಳ್ಳುತ್ತಾರೆ: ಒಬ್ಬ ಮುಸ್ಲಿಂ ಹುಡುಗಿ, ಒಬ್ಬ ಕ್ರೈಸ್ತ ಹುಡುಗ, ಒಬ್ಬ ದಲಿತ, ಗಾಲಿಕುರ್ಚಿಯ ಒಬ್ಬಳು, ಈಶಾನ್ಯ ರಾಜ್ಯದಿಂದ ಒಬ್ಬ, ಲಿಂಗತ್ವ ಅಲ್ಪಸಂಖ್ಯಾತರ ಒಬ್ಬರು. ಗಣರಾಜ್ಯೋತ್ಸವದ ಸ್ತಬ್ಧಚಿತ್ರದಂತೆ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ, ಕೈ ಬೀಸುತ್ತಾರೆ, ಕಥೆ ಮುಂದೆ ಹೋಗುವುದಿಲ್ಲ.

ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಲೇಖನದ ಉದ್ದಕ್ಕೂ ಇದನ್ನೇ ಬಳಸುತ್ತೇನೆ. ಪ್ರಥಮ ಪಿಯುಸಿ, ಸರ್ಕಾರಿ ಕಾಲೇಜು. ಶರಣಮ್ಮ ಯಾದಗಿರಿಯಿಂದ ತಂದೆತಾಯಿಯ ಜೊತೆ ಬಂದವಳು, ಕಾಮಗಾರಿಯ ಶೆಡ್‌ನಲ್ಲಿ ವಾಸ. ಅವಳಿಗೆ ಒಂದೇ ಕಾಲೇಜಿನಲ್ಲಿ ಎರಡು ವರ್ಷ ಓದಿ ಮುಗಿಸಬೇಕು, ಏಕೆಂದರೆ ಈವರೆಗೆ ಯಾವ ಶಾಲೆಯಲ್ಲೂ ಅವಳು ಅಷ್ಟು ದಿನ ಉಳಿದಿಲ್ಲ. ಜೋಯಾ ಶಿವಾಜಿನಗರದವಳು, ಅಪ್ಪನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚುವ ಕೆಲಸ ತನಗೂ ಬೇಕೆನ್ನುತ್ತಾಳೆ. ಹಲಸೂರಿನ ಆಂಟನಿಗೆ ಮಾತು ತೊದಲುತ್ತದೆ. ಅವನ ಆಸೆ ಕಾಲೇಜಿನ ಕ್ರಿಕೆಟ್ ಪಂದ್ಯಕ್ಕೆ ವೀಕ್ಷಕ ವಿವರಣೆ ಕೊಡುವುದು. ಕಿರಣ್‌ನ ದಾಖಲೆಗಳಲ್ಲೆಲ್ಲ ಹೆಣ್ಣು ಎಂದಿದೆ, ಅವನು ತನ್ನನ್ನು ಹುಡುಗನೆಂದೇ ತಿಳಿದಿದ್ದಾನೆ. ಸದ್ಯಕ್ಕೆ ಅವನಿಗೆ ಬೇಕಾಗಿರುವುದು ಒಳ್ಳೆಯದೊಂದು ಜೋಡಿ ಫುಟ್‌ಬಾಲ್ ಶೂ.

ನೋಡಿ, ಆಸೆ ಯಾವುದೂ ಅವರ ಗುರುತಿನ ಹೆಸರಲ್ಲ. ಆದರೆ ಆಸೆಯ ಹಿಂದೆ ಹೊರಟ ಕೂಡಲೇ ಗುರುತು ಅಡ್ಡ ಬರುತ್ತದೆ, ಕೆಲವೊಮ್ಮೆ ಗೆಳೆಯರ ನಡುವೆಯೇ. ಹದಿಹರೆಯದ ಕಥೆಯನ್ನು ಎಳೆದುಕೊಂಡು ಹೋಗುವುದು ಈ ಸ್ನೇಹದೊಳಗಿನ ತಿಕ್ಕಾಟ. ಹೊರಗಿನ ಖಳನಾಯಕ ಬೈದು ಹೋದರೆ ಓದುಗನಿಗೆ ಸಿಟ್ಟು ಬರುತ್ತದೆ, ಅಷ್ಟೆ. ಆತ್ಮೀಯ ಗೆಳತಿಯೇ ಅರ್ಥ ಮಾಡಿಕೊಳ್ಳದೆ ಒಂದು ಮಾತು ಆಡಿದರೆ ಮುಂದಿನ ಕಂತಿಗೆ ಕಾಯುತ್ತಾನೆ.

ಎಚ್ಚರಿಕೆ: ಯಾವ ಪಾತ್ರವೂ ಉಳಿದವರಿಗೆ ಪಾಠ ಹೇಳುವ ಮೇಷ್ಟರಾಗಬಾರದು. ಸಹನೆಯ ಮೂರ್ತಿಯಂತೆ ಎಲ್ಲವನ್ನೂ ನುಂಗುವ ಪಾತ್ರವೂ ಬೇಡ. ಕಿರಣ್ ಸುಳ್ಳು ಹೇಳಲಿ, ಶರಣಮ್ಮನಿಗೆ ಹೊಟ್ಟೆಕಿಚ್ಚು ಬರಲಿ, ಆಂಟನಿ ಸ್ವಾರ್ಥಿಯಾಗಲಿ. ತಪ್ಪು ಮಾಡುವ ಹಕ್ಕು ಅವರಿಗೂ ಇದೆ.

3. ಮಾತು ಬರೆಯುವುದು

ಇದು ಕನ್ನಡದಲ್ಲಿ ಬರೆಯುವವರಿಗೆ ಸಿಕ್ಕಿರುವ ಸಂಪತ್ತು. ಬೇರೆ ಭಾಷೆಯ ಚಿತ್ರಕಥೆ ಓದಿ ಬೆಳೆದವರು ಇದನ್ನು ಗಮನಿಸದೆ ಬಿಡುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕನ್ನಡದ ಉತ್ತಮ ಪುರುಷದಲ್ಲಿ ಲಿಂಗವಿಲ್ಲ. "ನಾನು ಬಂದೆ" ಎಂದವರು ಹುಡುಗನೋ ಹುಡುಗಿಯೋ ಕ್ರಿಯಾಪದ ಹೇಳುವುದಿಲ್ಲ. ಹಿಂದಿಯಲ್ಲಿ ಹಾಗಲ್ಲ, ಅಲ್ಲಿ ತನ್ನ ಬಗ್ಗೆ ಮಾತನಾಡುವಾಗಲೇ ಆಯಾ ಎನ್ನಬೇಕೋ ಆಯೀ ಎನ್ನಬೇಕೋ ಎಂದು ತೀರ್ಮಾನಿಸಬೇಕು. ಹಾಗಾಗಿ ಕಿರಣ್ ಕನ್ನಡದಲ್ಲಿ ನೂರು ಮಾತನಾಡಿದರೂ ಸಿಕ್ಕಿಬೀಳುವುದಿಲ್ಲ, ಹಿಂದಿ ತರಗತಿಯಲ್ಲಿ ಎದ್ದುನಿಂತು ತನ್ನ ಬಗ್ಗೆ ಐದು ವಾಕ್ಯ ಹೇಳು ಎಂದಾಗ ನಾಲಿಗೆ ಕಟ್ಟಿಕೊಳ್ಳುತ್ತದೆ. ಇದೊಂದೇ ಪೂರ್ತಿ ಕಂತಾಗುತ್ತದೆ. ಕಿರಣ್ ಎಂಬ ಹೆಸರನ್ನು ನಾನು ಆರಿಸಿದ್ದಕ್ಕೂ ಕಾರಣವಿದೆ: ಅದು ಹುಡುಗನಿಗೂ ಇರುತ್ತದೆ, ಹುಡುಗಿಗೂ ಇರುತ್ತದೆ.

ಪ್ರಥಮ ಪುರುಷಕ್ಕೆ, ಅಂದರೆ ಎದುರಿಗಿಲ್ಲದವರ ಬಗೆಗಿನ ಮಾತಿಗೆ ಬಂದರೆ ಕನ್ನಡ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಬಂದನು, ಬಂದಳು, ಬಂದರು: ಕ್ರಿಯಾಪದದ ಕೊನೆಯೇ ನಿರ್ಧಾರ ಕೇಳುತ್ತದೆ. ಆದ್ದರಿಂದ ಕಿರಣ್ ಇಲ್ಲದಿರುವಾಗ ಗೆಳೆಯರು ಅವನ ಬಗ್ಗೆ ಹೇಗೆ ಮಾತನಾಡುತ್ತಾರೆ ಎಂಬುದು ಅವರ ಮನಸ್ಸಿನ ಕನ್ನಡಿ. ಎದುರಿಗೆ ಒಂದು, ಹಿಂದೆ ಒಂದು ಪ್ರತ್ಯಯ ಬಳಸುವ ಗೆಳೆಯನನ್ನು ತೋರಿಸಲು ಬೇರೆ ವಿವರಣೆಯೇ ಬೇಡ. "ಅವರು ಬಂದರು" ಎಂಬ ಬಹುವಚನ ಅನುಕೂಲವೆಂದು ಕೆಲವರು ಎಲ್ಲ ಕಡೆ ಅದನ್ನೇ ಹಾಕುತ್ತಾರೆ. ಗಂಡು ಅಥವಾ ಹೆಣ್ಣು ಎಂಬ ಎರಡೂ ಪೆಟ್ಟಿಗೆಗೆ ಸೇರದ ಪಾತ್ರಕ್ಕೆ ಅದು ಸರಿಹೊಂದುತ್ತದೆ. ಆದರೆ ಕನ್ನಡದಲ್ಲಿ ಬಹುವಚನ ಗೌರವವೂ ಹೌದು, ದೂರವೂ ಹೌದು. ಹದಿನಾರರ ಹುಡುಗಿ ತನ್ನ ಬೆಂಚಿನ ಗೆಳೆಯನನ್ನು ಅವರು ಎಂದರೆ ಓದುಗನಿಗೆ ಮುನಿಸಿನ ವಾಸನೆ ಬರುತ್ತದೆ. ಅದಕ್ಕೊಂದು ದೃಶ್ಯ ಕೊಡಿ: "ನಿನ್ನನ್ನು ಅವರು ಎಂದು ಕರೆದರೆ ನಮ್ಮ ಪ್ರಾಂಶುಪಾಲರನ್ನು ಕರೆದಂತಾಗುತ್ತದೆ" ಎಂದು ಒಬ್ಬಳು ಗೊಣಗಲಿ, ಮುಂದಿನ ಕಂತುಗಳಲ್ಲಿ ಅದು ಅಭ್ಯಾಸವಾಗಲಿ.

ಇನ್ನೊಂದು ಸೂಕ್ಷ್ಮ. ನೀನು ಎಂಬುದಕ್ಕೆ ಲಿಂಗವಿಲ್ಲ, ನಿಜ. ಆದರೆ ಸಲುಗೆಗೆ ಇದೆ: ಬಾರೋ, ಬಾರೇ, ಕಣೋ, ಕಣೇ. ಗೆಳೆಯರ ಮಾತಿನಲ್ಲಿ ಇವು ಸಾಲಿಗೊಂದು ಬರುತ್ತವೆ. ಮೊದಲ ಮೂರು ಕಂತಿನಲ್ಲಿ ಜೋಯಾ ಕಿರಣ್‌ಗೆ "ಬಾರೇ" ಎನ್ನುತ್ತಲೇ ಇರಲಿ. ಅವನು ಎಲ್ಲವನ್ನೂ ಹೇಳಿಕೊಂಡ ಮರುದಿನ, ಕಾಲೇಜಿನ ಗೇಟಿನಲ್ಲಿ, ಮಳೆಯಲ್ಲಿ ನೆನೆಯುತ್ತ ಅವಳು "ಬೇಗ ಬಾರೋ" ಎಂದು ಕೂಗಲಿ. ಒಂದು ಸ್ವರ ಬದಲಾಯಿತು, ಅಷ್ಟೇ. ಅಪ್ಪುಗೆ, ಕಣ್ಣೀರು, ಭಾಷಣ ಏನೂ ಬೇಡ. ಇದು ಕೆಲಸ ಮಾಡಬೇಕಾದರೆ ಒಂದು ಸಿದ್ಧತೆ ಅಗತ್ಯ: ಕೆಲವು ಮನೆಗಳಲ್ಲಿ ಹೆಣ್ಣುಮಕ್ಕಳನ್ನೂ ಮುದ್ದಿನಿಂದ "ಬಾರೋ" ಎನ್ನುತ್ತಾರೆ. ಜೋಯಾ ಹುಡುಗಿಯರಿಗೆ ಯಾವಾಗಲೂ "ಬಾರೇ" ಎನ್ನುವವಳೆಂದು ಮೊದಲೇ ಓದುಗನ ಕಿವಿಗೆ ಬಿದ್ದಿರಬೇಕು.

ಜಗಳವಾದಾಗ ನೀನು ಹೋಗಿ ನೀವು ಬರುವುದನ್ನೂ ಬಳಸಿಕೊಳ್ಳಿ.

ಉಳಿದದ್ದು ಉಪಭಾಷೆ. ಶರಣಮ್ಮನ ಯಾದಗಿರಿಯ ಕನ್ನಡವನ್ನು ಉಚ್ಚಾರದಂತೆಯೇ ಅಕ್ಷರಕ್ಕಿಳಿಸಲು ಹೋದರೆ ಸಣ್ಣ ಪರದೆಯಲ್ಲಿ ಓದುವುದು ಕಷ್ಟ. ಜೊತೆಗೆ ಅವಳೊಬ್ಬಳ ಮಾತು ಮಾತ್ರ ವಿಚಿತ್ರ, ಉಳಿದವರದು ಸಹಜ ಎಂಬ ಭಾವನೆ ಹುಟ್ಟುತ್ತದೆ. ಎರಡು ಮೂರು ಪದ ಆರಿಸಿ ಅವನ್ನೇ ಬಿಡದೆ ಬಳಸಿ: ಅಮ್ಮನಿಗೆ ಅವ್ವ, ತಿಂಡಿಗೆ ನಾಷ್ಟಾ, ಟೀಗೆ ಚಾ. ಜೋಯಾಳ ಮನೆಯ ದಖನಿ ಉರ್ದುವಿನಲ್ಲಿ ಬೇಡ ಎನ್ನಲು ನಕ್ಕೋ ಸಾಕು. ಆಂಟನಿಯ ತೊದಲನ್ನು ಪ್ರತಿ ಪದದಲ್ಲೂ "ನ-ನ-ನಾನು" ಎಂದು ಬರೆಯಬೇಡಿ. ಓದುಗ ಎರಡನೆಯ ಕಂತಿಗೇ ಬೇಸರಗೊಳ್ಳುತ್ತಾನೆ, ತೊದಲುವವರಿಗೆ ನೋವಾಗುತ್ತದೆ. ಮಾತಿನ ಗುಳ್ಳೆಯನ್ನು, ಅಂದರೆ ಸಂಭಾಷಣೆ ಇರುವ ಬಿಳಿ ಆವರಣವನ್ನು, ಎರಡು ತುಂಡು ಮಾಡಿ ನಡುವೆ ಒಂದು ಖಾಲಿ ಗುಳ್ಳೆ ಇಡಿ. ಅವನು ಕಾಯುವುದು, ಎದುರಿನವರು ಕಾಯುವುದು, ಎರಡೂ ಕಾಣುತ್ತದೆ.

4. ಆ ಬದುಕನ್ನು ಬಲ್ಲವರಿಗೆ ಓದಿಸಿ

ನಿಮ್ಮದಲ್ಲದ ಬದುಕನ್ನು ಬರೆಯಬಾರದೆಂದು ನಾನು ಹೇಳುವುದಿಲ್ಲ. ಓದಿಸದೆ ಪ್ರಕಟಿಸಬೇಡಿ ಎನ್ನುತ್ತೇನೆ. ಕಥೆಯ ಸಾರಾಂಶ ಮತ್ತು ಮೊದಲ ಮೂರು ಕಂತಿನ ಸಂಭಾಷಣೆಯನ್ನು ಆ ಸಮುದಾಯದ ಕನಿಷ್ಠ ಇಬ್ಬರಿಗೆ ಕೊಡಿ. ಒಬ್ಬರು ಸಾಲದು, ಒಬ್ಬರ ಅನುಭವ ಇಡೀ ಸಮುದಾಯದ್ದಲ್ಲ. ಹೀಗೆ ಓದಿ ತಪ್ಪು ತೋರಿಸುವವರಿಗೆ ಸಂವೇದನಾ ಓದುಗರು ಎನ್ನುತ್ತಾರೆ. ಅದು ಕೆಲಸ, ಆದ್ದರಿಂದ ಸಂಭಾವನೆ ಕೊಡಿ. ಹಣವಿಲ್ಲದಿದ್ದರೆ ಅವರ ಭಾವಚಿತ್ರವನ್ನಾದರೂ ಬರೆದುಕೊಡಿ.

"ಇದು ಸರಿಯಿದೆಯೇ?" ಎಂದು ಕೇಳಿದರೆ ಎಲ್ಲರೂ ಸರಿಯಿದೆ ಎಂದೇ ಹೇಳುತ್ತಾರೆ. "ನಿಮ್ಮ ಮನೆಯಲ್ಲಾದರೆ ಈ ಮಾತನ್ನು ಯಾರು ಹೇಳುತ್ತಿದ್ದರು? ಅಡುಗೆಮನೆಯಲ್ಲೋ, ಹೊರಗೋ?" ಎಂದು ಕೇಳಿ.

ಎಚ್ಚರಿಕೆ: ನಿಮಗೆ ಗೊತ್ತಿರುವ ನಿಜವಾದ ಮಗುವಿನ ಗುಟ್ಟನ್ನು ಹೆಸರು ಬದಲಿಸಿ ಬರೆಯಬೇಡಿ. ಕಾಲೇಜು, ಬಡಾವಣೆ, ಕೇಶವಿನ್ಯಾಸ ಇಷ್ಟು ಸಿಕ್ಕರೆ ಸಹಪಾಠಿಗಳು ಗುರುತಿಸುತ್ತಾರೆ. ಮನೆಯಲ್ಲಿ ಇನ್ನೂ ಹೇಳಿಕೊಳ್ಳದ ಒಬ್ಬನ ವಿಷಯ ಚಿತ್ರಕಥೆಯಿಂದ ಹೊರಬಿದ್ದರೆ ಅದನ್ನು ಮರಳಿ ಮುಚ್ಚಲಾಗುವುದಿಲ್ಲ.

5. ಕಿರುನಕ್ಷೆ: ಕಂತನ್ನು ಚೌಕಟ್ಟುಗಳಾಗಿ ಒಡೆಯುವುದು

ಕಿರುನಕ್ಷೆ ಎಂದರೆ ಅಂಚೆಚೀಟಿಯಷ್ಟು ಚಿಕ್ಕದಾಗಿ ಗೀಚಿದ ಒರಟು ಚಿತ್ರ; ಥಂಬ್‌ನೇಲ್ ಎನ್ನುವುದೂ ಇದನ್ನೇ. ಮೊದಲ ಕಂತಿಗೆ ಇಪ್ಪತ್ತರಿಂದ ಮೂವತ್ತು ಚೌಕಟ್ಟು ಇರಲಿ. ಉದ್ದನೆಯ ಕಾಗದದ ಪಟ್ಟಿ ಕತ್ತರಿಸಿ ಅದರ ಮೇಲೆ ಮೇಲಿನಿಂದ ಕೆಳಕ್ಕೆ ಗೀಚಿ. ಮೊಬೈಲಿನ ಓಟ ಕೈಗೆ ಸಿಗುತ್ತದೆ.

ಚೌಕಟ್ಟುಗಳ ನಡುವಿನ ಖಾಲಿ ಜಾಗಕ್ಕೆ ಗಟರ್ ಎನ್ನುತ್ತಾರೆ. ಮುದ್ರಿತ ಪುಟದಲ್ಲಿ ಅದು ಕಿರಿದಾದ ಓಣಿ. ಉದ್ದನೆಯ ವೆಬ್‌ಕಾಮಿಕ್‌ನಲ್ಲಿ ಅದೇ ಕಾಲ. ಬೆರಳು ಎಷ್ಟು ದೂರ ಜಾರುತ್ತದೆಯೋ ಅಷ್ಟು ಹೊತ್ತು ಮೌನ.

ಬಸ್ಸಿನ ಒಂದು ದೃಶ್ಯವನ್ನು ಒಡೆದು ನೋಡೋಣ. ಶಕ್ತಿ ಯೋಜನೆಯಲ್ಲಿ ಕರ್ನಾಟಕದ ನಿವಾಸಿ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾಮಾನ್ಯ ಬಸ್ಸುಗಳಲ್ಲಿ ಸೊನ್ನೆ ಮೊತ್ತದ ಟಿಕೆಟ್ ಸಿಗುತ್ತದೆ, ಗುರುತಿನ ಚೀಟಿ ತೋರಿಸಬೇಕು. ನಾಲ್ವರೂ ಬಿಎಂಟಿಸಿ ಬಸ್ಸಿನಲ್ಲಿದ್ದಾರೆ.

ಮೊದಲ ಚೌಕಟ್ಟು: ಮಳೆಹನಿ ಹಿಡಿದ ಕಿಟಕಿ, ನಾಲ್ಕು ಬ್ಯಾಗುಗಳು. ಎರಡನೆಯದು: ಕಂಡಕ್ಟರ್ ಕೈಯ ಯಂತ್ರದಿಂದ ಶರಣಮ್ಮನಿಗೂ ಜೋಯಾಳಿಗೂ ಸೊನ್ನೆ ಟಿಕೆಟ್, ಆಂಟನಿ ಪಾಸ್ ತೋರಿಸುತ್ತಾನೆ. ಮೂರನೆಯದು: ಕಂಡಕ್ಟರ್ ಕಿರಣ್‌ನ ಕಡೆ ತಿರುಗಿ "ಎಲ್ಲಿಗಪ್ಪ?" ಎನ್ನುತ್ತಾರೆ. ನಾಲ್ಕನೆಯದು ಪೂರ್ತಿ ಅಗಲದ ಚಿತ್ರ, ಕಿರಣ್‌ನ ಅಂಗೈ: ಬಿಸಿಯಾದ ನಾಣ್ಯಗಳು, ಹಿಡಿದು ಹಿಡಿದು ಚರ್ಮದ ಮೇಲೆ ಮೂಡಿದ ಅವುಗಳ ದುಂಡು ಗುರುತು. ಅವನು ಬಸ್ ಹತ್ತುವ ಮುಂಚಿನಿಂದಲೇ ಹಣ ಹಿಡಿದುಕೊಂಡಿದ್ದ ಎಂದು ಆ ಗುರುತು ಹೇಳುತ್ತದೆ. ಐದನೆಯದು: ಹರಿದ ಟಿಕೆಟ್, ಅದರ ಹಿಂದೆ ಮಸುಕಾಗಿ ಅವನ ಅರೆನಗು. ಮಾತಿಲ್ಲ.

ಆಮೇಲೆ ಒಂದು ಪರದೆಯಷ್ಟು ಉದ್ದದ ಖಾಲಿ.

ಆರನೆಯದು: ಶರಣಮ್ಮ. "ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಟ್ಟೆಯಾ? ಅಷ್ಟು ಹೆಚ್ಚಾಗಿದೆಯೇ ನಿನಗೆ?" ಹುಡುಗನೆಂದು ಒಬ್ಬ ಅಪರಿಚಿತ ಒಪ್ಪಿಕೊಂಡದ್ದಕ್ಕೆ ಕಿರಣ್ ಸಂತೋಷದಿಂದ ತೆತ್ತ ಬೆಲೆ ಅದು. ಅವಳ ಮನೆಯಲ್ಲಿ ಅಷ್ಟು ಹಣಕ್ಕೆ ಸಂಜೆಯ ಹಾಲು ಬರುತ್ತದೆ. ಇಬ್ಬರೂ ಸರಿ. ಇಬ್ಬರಿಗೂ ನೋವು. ಒಂದು ತುಂಡು ಕಾಗದದ ಮೇಲೆ ಹಣದ ಪ್ರಶ್ನೆಯೂ ಗುರುತಿನ ಪ್ರಶ್ನೆಯೂ ಡಿಕ್ಕಿ ಹೊಡೆದವು. ನಾನು ಎರಡನೆಯ ಹಂತದಲ್ಲಿ ಹೇಳಿದ ತಿಕ್ಕಾಟ ಇದೇ.

ಎಚ್ಚರಿಕೆ: "ಕಿರಣ್‌ಗೆ ಅಂದು ತಾನು ತಾನಾದಂತೆ ಅನಿಸಿತು" ಎಂಬಂಥ ನಿರೂಪಣೆಯ ಪಟ್ಟಿಯನ್ನು ಚಿತ್ರದ ಮೇಲೆ ಅಂಟಿಸಬೇಡಿ. ಅಂಗೈ ಹೇಳಿಯಾಗಿದೆ.

6. ಚಿತ್ರ ಮತ್ತು ಬಣ್ಣ

ಪ್ರತಿ ಪಾತ್ರಕ್ಕೂ ಒಂದು ಮಾದರಿ ಹಾಳೆ ಮಾಡಿಕೊಳ್ಳಿ: ಎದುರು, ಪಕ್ಕ, ಹಿಂಬದಿ, ನಾಲ್ಕು ಮುಖಭಾವ, ಜೊತೆಗೆ ಬ್ಯಾಗ್, ಚಪ್ಪಲಿ, ವಾಚ್. ಹತ್ತನೆಯ ಕಂತಿನಲ್ಲಿ ಆಂಟನಿಯ ಕಿವಿ ಹೇಗಿತ್ತೆಂದು ಹುಡುಕುವ ಕಷ್ಟ ತಪ್ಪುತ್ತದೆ. ಎಲ್ಲರಿಗೂ ಸಮವಸ್ತ್ರ ಇರುವುದರಿಂದ ನಿಲುವಿನಲ್ಲೇ ಬೇರೆಯಾಗಿ ಕಾಣಬೇಕು. ನಾಲ್ವರನ್ನೂ ಪೂರ್ತಿ ಕಪ್ಪು ನೆರಳಾಗಿ ಬರೆದು ನೋಡಿ. ಯಾರು ಯಾರೆಂದು ತಿಳಿಯದಿದ್ದರೆ ಮತ್ತೆ ಬರೆಯಿರಿ.

ಚರ್ಮದ ಬಣ್ಣದಲ್ಲಿ ಪ್ರಾಮಾಣಿಕರಾಗಿರಿ. ತಂತ್ರಾಂಶದಲ್ಲಿ ಸಿದ್ಧವಾಗಿ ಸಿಗುವ ತಿಳಿಗುಲಾಬಿ ಬಣ್ಣವನ್ನು ಬಿಟ್ಟು, ಸಿಟಿ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಿಂತು ಕಾಣುವ ಕಂದುಗಳನ್ನು ಜಲವರ್ಣದಲ್ಲಿ ಬೆರೆಸಿ ನೋಡಿ. ಕಪ್ಪು ಮೈಬಣ್ಣದ ಹುಡುಗಿಯನ್ನು ನಾಯಕಿಯಾದ ಕಂತಿನಲ್ಲಿ ಮಾತ್ರ ಬೆಳ್ಳಗೆ ಮಾಡುವ ಅಭ್ಯಾಸ ನಮ್ಮ ಕೈಗೆ ಗೊತ್ತಿಲ್ಲದೆಯೇ ಅಂಟಿರುತ್ತದೆ. ಮಾದರಿ ಹಾಳೆಯ ಬಣ್ಣವನ್ನೇ ಪ್ರತಿ ಸಲ ಎತ್ತಿಕೊಳ್ಳಿ.

ಬೆಂಗಳೂರಿನಲ್ಲಿ ತಿಂಗಳನ್ನು ಮರಗಳೇ ಹೇಳುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ಗುಲಾಬಿ ಟಬೆಬುಯಾ, ಮಾರ್ಚ್ ಹೊತ್ತಿಗೆ ನೇರಳೆ ಜಕರಂಡ ಮತ್ತು ಹೊಂಗೆಯ ಹೊಸ ಚಿಗುರು, ಏಪ್ರಿಲ್ ಮೇ ತಿಂಗಳಲ್ಲಿ ಕೆಂಪು ಗುಲ್‌ಮೊಹರ್. ಪರೀಕ್ಷೆಯ ದಿನದ ಚೌಕಟ್ಟಿನಲ್ಲಿ ಜಕರಂಡ ಹೂ ಬಿದ್ದ ಪಾದಚಾರಿ ಮಾರ್ಗವನ್ನು ಬರೆದರೆ ತಾರೀಖು ಹಾಕಬೇಕಿಲ್ಲ. ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ ಎಂಬುದನ್ನೂ ಮರೆಯಬೇಡಿ, ಬೇಸಿಗೆ ಉಡುಪಿನಲ್ಲಿ ಪಾತ್ರಗಳನ್ನು ಅಲ್ಲಿಗೆ ಕಳುಹಿಸಬೇಡಿ.

ಗೆರೆ ಕಲಿಯಲು ಹೋಗಬೇಕಾದ ಜಾಗ ಕೇಳುವವರಿಗೆ: ಟ್ರಿನಿಟಿ ವೃತ್ತದ ಹತ್ತಿರ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ. ಒಂದೇ ಗೆರೆಯಲ್ಲಿ ವ್ಯಕ್ತಿಯ ಸ್ವಭಾವ ಹಿಡಿಯುವುದನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ನೋಟ್‌ಬುಕ್ ಹಿಡಿದು ಹೋಗಿ.

7. ಅಕ್ಷರ ಜೋಡಣೆ

ಸೊಗಸಾಗಿ ಬರೆದ ಕಂತು ಹಾಳಾಗುವುದು ಇಲ್ಲಿ. ನನ್ನ ಮೊದಲ ಕಂತು ಹೊರಬಂದ ರಾತ್ರಿ "ಸ್ನೇಹ" ಎಂಬ ಪದ ಎಲ್ಲ ಕಡೆ ಒಡೆದುಹೋಗಿತ್ತು: ಸಕಾರದ ಮೇಲೊಂದು ಅರ್ಧಾಕ್ಷರದ ಗುರುತು, ಪಕ್ಕದಲ್ಲಿ ಬೇರೆಯಾಗಿ ನೇ, ಆಮೇಲೆ ಹ. ಕಥೆಯ ಮುಖ್ಯ ಪದವೇ ಅದು. ಕಾರಣ ಸರಳ: ಒತ್ತಕ್ಷರ ಕೂಡಿಸುವ ವ್ಯವಸ್ಥೆ ತಂತ್ರಾಂಶದಲ್ಲಿ ಚಾಲೂ ಆಗಿರಲಿಲ್ಲ.

ಹೀಗೆ ಮಾಡಿ. ಮೊದಲನೆಯದಾಗಿ ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ಯೂನಿಕೋಡ್ ಎಂದರೆ ಎಲ್ಲ ಸಾಧನಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ ಪದ್ಧತಿ. ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಬೇರೆ ಕಡೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಎರಡನೆಯದಾಗಿ, ಫೋಟೊಶಾಪ್‌ನ ಹಳೆಯ ಆವೃತ್ತಿ ಬಳಸುವವರು ಸೆಟ್ಟಿಂಗ್‌ನ ಅಕ್ಷರ ವಿಭಾಗದಲ್ಲಿ ವರ್ಲ್ಡ್ ರೆಡಿ ಲೇಔಟ್ ಎಂಬುದನ್ನು ಆರಿಸಿಕೊಳ್ಳಬೇಕು. ಇಂಕ್‌ಸ್ಕೇಪ್‌ನಲ್ಲಿ ಕನ್ನಡ ತಾನಾಗಿಯೇ ಸರಿ ಕೂಡುತ್ತದೆ, ನಾನು ಅಕ್ಷರಕ್ಕೆ ಅದನ್ನೇ ಬಳಸುತ್ತೇನೆ. ಪರೀಕ್ಷೆಗೆ ಒಂದು ಸಾಲು ಇಟ್ಟುಕೊಳ್ಳಿ: "ಸ್ತ್ರೀ, ರಾಷ್ಟ್ರ, ಕೈಲಾಸ, ಜ್ಞಾನ, ಅರ್ಧ". ಇಷ್ಟು ಸರಿಯಾಗಿ ಬಂದರೆ ಉಳಿದದ್ದೂ ಬರುತ್ತದೆ.

ಫಾಂಟಿಗೆ ಬಲೂ ತಮ್ಮ 2, ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡ ಇವೆ. ಮೂರೂ ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಸಂಭಾಷಣೆಗೆ ಬಲೂ ತಮ್ಮದ ದುಂಡು ಗೆರೆ ಹೊಂದುತ್ತದೆ. ಅನೇಕ್‌ನಲ್ಲಿ ಅಕ್ಷರದ ಅಗಲವನ್ನು ಹಿಗ್ಗಿಸಿ ಕುಗ್ಗಿಸಬಹುದು. ಕಿರಿದಾದ ಗುಳ್ಳೆಗೆ ಅದು ವರದಾನ.

ಕನ್ನಡದ ಪದ ಉದ್ದ. ಹೇಳಬೇಕೆಂದುಕೊಂಡಿದ್ದೆ ಎಂಬುದು ಒಂದೇ ಪದ. ಗುಳ್ಳೆ ಮೊದಲು ಬರೆದು ಅದರೊಳಗೆ ಮಾತು ತುರುಕಲು ಹೋದರೆ ಅಕ್ಷರ ಸಾಸಿವೆಯಾಗುತ್ತದೆ. ಮಾತನ್ನು ಮೊದಲು ಜೋಡಿಸಿ, ಅದರ ಸುತ್ತ ಗುಳ್ಳೆ ಎಳೆಯಿರಿ. ಸಾಲು ಮುರಿಯಲೇಬೇಕಾದರೆ ಪದ ಕೂಡಿದ ಜಾಗದಲ್ಲೇ ಮುರಿಯಿರಿ: ಹೇಳಬೇಕೆಂದು, ಕೆಳಗೆ ಕೊಂಡಿದ್ದೆ. ಒತ್ತುಗಳು ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರ ಅಕ್ಷರದ ಅಳತೆಯ ಒಂದೂವರೆಪಟ್ಟು ಇರಲಿ. 800 ಪಿಕ್ಸೆಲ್ ಅಗಲದ ಚಿತ್ರದಲ್ಲಿ 34 ಪಿಕ್ಸೆಲ್‌ಗಿಂತ ಚಿಕ್ಕ ಅಕ್ಷರ ನಾನು ಇಡುವುದಿಲ್ಲ.

ಸದ್ದಿಗೆ ಇಂಗ್ಲಿಷಿನ ಬೂಮ್, ಕ್ರ್ಯಾಶ್ ಏಕೆ? ವ್ಯಾಕರಣ ಪುಸ್ತಕದಲ್ಲಿ ಅನುಕರಣಾವ್ಯಯವೆಂದು ಕಲಿತದ್ದೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ: ತಗಡಿನ ಶೆಡ್ ಮೇಲೆ ಮಳೆ ಪಟಪಟ, ಬಸ್ಸಿನ ಕಿಟಕಿ ಗಡಗಡ, ಗ್ಯಾರೇಜಿನ ಗಾಳಿಕೊಳವೆ ಬುಸ್ಸ್. ಇವನ್ನು ಫಾಂಟಿನಲ್ಲಿ ಹಾಕದೆ ಕೈಯಲ್ಲೇ ಬರೆಯಿರಿ.

8. ದಾಟಬಾರದ ಗೆರೆಗಳು

ನಿಮ್ಮ ಪಾತ್ರಗಳು ಹದಿನೆಂಟರೊಳಗಿನವರು. ಮೊದಲ ಪ್ರೀತಿ, ಮೈಯ ಬದಲಾವಣೆಯ ಗೊಂದಲ, ಮುಟ್ಟಿನ ಮುಜುಗರ ಎಲ್ಲವನ್ನೂ ಬರೆಯಬಹುದು, ಬರೆಯಬೇಕು. ಮಕ್ಕಳನ್ನು ಲೈಂಗಿಕವಾಗಿ ಚಿತ್ರಿಸುವಂತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಅಂಥ ಪಠ್ಯ ಮತ್ತು ಡಿಜಿಟಲ್ ಚಿತ್ರ ರಚಿಸುವುದನ್ನೂ ಅಪರಾಧವೆನ್ನುತ್ತದೆ. ಕಾನೂನು ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಸಿನಿಮಾ ಹಾಡಿನ ಸಾಲು, ಕವಿತೆಯ ಸಾಲು ಅನುಮತಿಯಿಲ್ಲದೆ ಬೇಡ. ಭಾರತದಲ್ಲಿ ಬರಹಗಾರರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೇಂದ್ರೆಯವರು ನಿಧನರಾದದ್ದು 1981ರಲ್ಲಿ, ಆದ್ದರಿಂದ ಅವರ ಕವಿತೆಗೆ 2041ರ ಕೊನೆಯವರೆಗೆ ಅನುಮತಿ ಕೇಳಬೇಕು. 12ನೇ ಶತಮಾನದ ವಚನಕ್ಕೆ ಯಾರನ್ನೂ ಕೇಳಬೇಕಿಲ್ಲ.

ಆತ್ಮಹತ್ಯೆಯ ಯೋಚನೆ, ಮನೆಯೊಳಗಿನ ಹಿಂಸೆ ಕಥೆಯಲ್ಲಿ ಬಂದರೆ ಕಂತಿನ ಮೊದಲಿಗೇ ಒಂದು ಸಾಲಿನ ಎಚ್ಚರಿಕೆ ಕೊಡಿ, ವಿಧಾನವನ್ನು ತೋರಿಸಬೇಡಿ. ಕೊನೆಯಲ್ಲಿ ಸಹಾಯವಾಣಿ ಸಂಖ್ಯೆ ಹಾಕಿ: ಟೆಲಿ ಮಾನಸ್ 14416, ದಿನವಿಡೀ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ, ಮಕ್ಕಳ ಸಹಾಯವಾಣಿ 1098. ನಿಮ್ಮ ಓದುಗರಲ್ಲಿ ಒಬ್ಬರು ಆ ರಾತ್ರಿ ಅದನ್ನು ಹುಡುಕುತ್ತಿರಬಹುದು.

9. ಹೊರತರುವುದು

ಒಂದು ಕಂತು ಮುಗಿದ ಕೂಡಲೇ ಹಾಕಬೇಡಿ. ನಾಲ್ಕು ಕಂತು ಕೈಯಲ್ಲಿರಲಿ. ಈ ಮುಂಗಡ ದಾಸ್ತಾನಿಗೆ ಬಫರ್ ಎನ್ನುತ್ತಾರೆ. ಜ್ವರ, ಪರೀಕ್ಷೆ, ಊರಿನ ಮದುವೆ ಬಂದಾಗ ಅದು ಕಾಪಾಡುತ್ತದೆ. ಬೇರೆ ಕೆಲಸದ ಜೊತೆ ಮಾಡುವವರಿಗೆ ಎರಡು ವಾರಕ್ಕೊಂದು ಕಂತು ಹಿತ. ವಾರಕ್ಕೊಂದು ಎಂದು ಘೋಷಿಸಿ ಮೂರನೆಯ ವಾರ ಮಾಯವಾದವರನ್ನು ಬಹಳ ಕಂಡಿದ್ದೇನೆ.

ಯಾರು ಬೇಕಾದರೂ ತಮ್ಮ ಚಿತ್ರಕಥೆ ಹಾಕಬಹುದಾದ ವೆಬ್‌ಟೂನ್ ಕ್ಯಾನ್ವಾಸ್ ಎಂಬ ತಾಣಕ್ಕೆ ಹಾಕುವುದಾದರೆ ಚಿತ್ರದ ಅಗಲ 800 ಪಿಕ್ಸೆಲ್, ತುಂಡಿನ ಎತ್ತರ 1280. ಇದರ ಎರಡರಷ್ಟು ಅಗಲದಲ್ಲಿ ಬರೆದು ಕೊನೆಗೆ ಅರ್ಧಕ್ಕೆ ಇಳಿಸಿ. ಮುಂದೆ ಪುಸ್ತಕ ಮಾಡುವಾಗ ದೊಡ್ಡ ಮೂಲ ಬೇಕಾಗುತ್ತದೆ. ತುಂಡು ಮಾಡುವಾಗ ಯಾರ ಮುಖವೂ, ಯಾವ ಗುಳ್ಳೆಯೂ ಎರಡಾಗದಂತೆ ಗಟರ್‌ನಲ್ಲೇ ಕತ್ತರಿಸಿ. ಇನ್‌ಸ್ಟಾಗ್ರಾಮ್‌ನಲ್ಲಾದರೆ 1080ಕ್ಕೆ 1350 ಅಳತೆಯ ಚಿತ್ರಗಳು, ಒಂದು ಪೋಸ್ಟಿಗೆ 20ರವರೆಗೆ. ಅಲ್ಲಿ ಉದ್ದನೆಯ ಖಾಲಿ ಜಾಗ ಕೆಲಸ ಮಾಡುವುದಿಲ್ಲ, ಮೌನಕ್ಕೆ ಒಂದು ಪೂರ್ತಿ ಖಾಲಿ ಚಿತ್ರವನ್ನೇ ಬಿಡಬೇಕು.

ಪ್ರತಿ ಚಿತ್ರಕ್ಕೂ ಪರ್ಯಾಯ ಪಠ್ಯ ಬರೆಯಿರಿ. ಕಣ್ಣು ಕಾಣದವರ ಮೊಬೈಲ್ ಓದಿ ಹೇಳುವ ವಿವರಣೆ ಅದು. "ಬಸ್ಸಿನಲ್ಲಿ ನಾಲ್ವರು" ಎಂದರೆ ಸಾಲದು. "ಕಿರಣ್‌ನ ಅಂಗೈಯಲ್ಲಿ ನಾಣ್ಯಗಳು, ಬಿಗಿಯಾಗಿ ಹಿಡಿದದ್ದರಿಂದ ಚರ್ಮದ ಮೇಲೆ ದುಂಡು ಗುರುತು ಮೂಡಿದೆ" ಎಂದು ಬರೆಯಿರಿ. ಎಲ್ಲ ಮುಗಿದ ಮೇಲೆ ಕಂತನ್ನು ನಿಮ್ಮ ಮೊಬೈಲಿನಲ್ಲಿ ತೆರೆದು, ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಬಸ್ಸಿನಲ್ಲಿ ನಿಂತುಕೊಂಡು ಒಮ್ಮೆ ಓದಿ. ಅಲ್ಲಿ ಓದಲಾಗದ ಗುಳ್ಳೆಗಳನ್ನು ಗುರುತುಮಾಡಿಕೊಂಡು ಮನೆಗೆ ಬಂದು ತಿದ್ದಿ, ಆಮೇಲೆ ಹಾಕಿ.